ಪೊಲೀಸರು ಬಾಗಿಲು ತಟ್ಟಿದ ಬೇಸಿಗೆ

ಮನೆಯ ಬಾಗಿಲಿಗೆ ಪೊಲೀಸರು ಬಂದರೆಂದರೆ ನಮ್ಮೂರಿನ ಕಡೆ ಬೀದಿಗೆ ಬೀದಿಯೇ ಕಿಟಕಿಯಲ್ಲಿ ನಿಲ್ಲುತ್ತದೆ. ಬಂದವರು ಪಾಸ್‌ಪೋರ್ಟ್ ಪರಿಶೀಲನೆಗೆ ಬಂದಿದ್ದರೂ ಸರಿಯೇ, ಅವರು ಹೋದ ಮೇಲೆ ನಾಲ್ಕು ಮನೆಯವರಿಗೆ ವಿವರಣೆ ಕೊಡದೆ ವಿಧಿಯಿಲ್ಲ. ಎರಡು ವರ್ಷಗಳ ಹಿಂದೆ, ಮೇ ತಿಂಗಳ ಒಂದು ಸಂಜೆ, ಲಂಡನ್ನಿನ ಪಶ್ಚಿಮ ಅಂಚಿನಲ್ಲಿರುವ ನಮ್ಮ ಮನೆಯ ಕರೆಗಂಟೆ ಬಾರಿಸಿತು. ಬಾಗಿಲು ತೆರೆದ ಅಪ್ಪನಿಗೆ ಎದುರಿಗೆ ಸಮವಸ್ತ್ರದ ಇಬ್ಬರು ಕಂಡರು. ಅಪ್ಪ ಅರಸೀಕೆರೆಯಿಂದ ಬಂದು ಹತ್ತು ದಿನವಷ್ಟೇ ಆಗಿತ್ತು. ಅಡುಗೆಮನೆಗೆ ಬಂದು ಪಿಸುಮಾತಿನಲ್ಲಿ, "ಪುಟ್ಟೀ, ಪೊಲೀಸಿನವರು ಬಂದಿದ್ದಾರೆ. ನನ್ನ ವೀಸಾ ಕಾಗದವೆಲ್ಲ ಸರಿಯಾಗಿದೆ ತಾನೆ?" ಎಂದು ಕೇಳಿದರು.

ಬಂದವರಿಗೆ ಅಪ್ಪನ ವೀಸಾದ ಗೊಡವೆಯಿರಲಿಲ್ಲ. ನಮ್ಮ ಮನೆಯ ಹಿಂಬದಿಗಿರುವ ಪಾರ್ಕಿನಲ್ಲಿ ಹಿಂದಿನ ವಾರ 14 ವರ್ಷದ ಹುಡುಗನೊಬ್ಬನಿಗೆ ಚಾಕು ತೋರಿಸಿ ಫೋನು ಕಿತ್ತುಕೊಂಡಿದ್ದರು. ಹುಡುಗ ನಮ್ಮ ಸಾಲಿನ ಮೂರನೆಯ ಮನೆಯವನು. ಆ ಕುರಿತು ಮನೆಮನೆಗೆ ಹೋಗಿ ವಿಚಾರಿಸುತ್ತಿದ್ದವರು ಒಬ್ಬ ಕಾನ್‌ಸ್ಟೆಬಲ್ ಮತ್ತು ಒಬ್ಬ ಸಮುದಾಯ ಸಹಾಯಕ ಅಧಿಕಾರಿ. ಆಕೆ ವಿನಯದಿಂದಲೇ ಕೇಳಿದಳು: "ನಿಮ್ಮ ಅಡುಗೆಮನೆಯ ಕಿಟಕಿಯಿಂದ ಪಾರ್ಕು ಕಾಣುತ್ತದೆ. ಈಚೆಗೆ ಏನಾದರೂ ಗಮನಕ್ಕೆ ಬಂದಿತ್ತೆ?"

ಬಂದಿತ್ತು. ಘಟನೆಗೆ ಮುಂಚಿನ ಎರಡು ಮೂರು ಸಂಜೆ ಇಬ್ಬರು ತರುಣರು ಸ್ಕೂಟರಿನಲ್ಲಿ ಹುಲ್ಲುಹಾಸಿನ ಮೇಲೆ ಸುತ್ತು ಹೊಡೆದು, ಜಾರುಬಂಡೆಯ ಹಿಂದಿನ ಪೊದೆಬೇಲಿಯ ಬಳಿ ಬಗ್ಗಿ ಏನನ್ನೋ ಇಟ್ಟು ಹೋಗುವುದನ್ನು ನಾನು ಪಾತ್ರೆ ತೊಳೆಯುತ್ತ ನೋಡಿದ್ದೆ. ಆದರೆ ಅಪ್ಪ ಬಾಗಿಲ ಮರೆಯಲ್ಲಿ ನಿಂತು ತಲೆಯಾಡಿಸುತ್ತಿದ್ದರು. ನನ್ನೊಳಗೂ ಅದೇ ತಲೆಯಾಟ ನಡೆದಿತ್ತು. "ಏನೂ ನೋಡಿಲ್ಲ" ಎಂದೆ. ಆಕೆ ಒಂದು ಕರಪತ್ರ ಕೊಟ್ಟು, ಮುಂದಿನ ಗುರುವಾರ ಚರ್ಚಿನ ಸಭಾಂಗಣದಲ್ಲಿ ನೆರೆಹೊರೆಯವರ ಸಭೆಯಿದೆಯೆಂದು ತಿಳಿಸಿ ಹೋದಳು. "ಪೊಲೀಸಿನವರ ಸಹವಾಸ ನಮಗ್ಯಾಕಮ್ಮ" ಎಂದು ಅಪ್ಪ ನಿಟ್ಟುಸಿರುಬಿಟ್ಟರು. ಇಲ್ಲಿಗೆ ಬಂದು ಹನ್ನೊಂದು ವರ್ಷ ಕಳೆದಿದ್ದ ನಾನೂ ಹೂಂಗುಟ್ಟಿದೆ.

ಈ ದೇಶದಲ್ಲಿ ಪಾರ್ಕು ಎಂಬುದು ಎಷ್ಟು ಮುಖ್ಯವೆಂದು ಊರಿನಲ್ಲಿರುವವರಿಗೆ ಸುಲಭವಾಗಿ ತಿಳಿಯದು. ಕೈಗಾರಿಕೆಯ ಹೊಗೆಯಲ್ಲಿ ಉಸಿರುಕಟ್ಟಿದ್ದ ನಗರಗಳ ಜನರಿಗೆಂದು ಡರ್ಬಿಯ ಅರ್ಬೊರೇಟಂ 1840ರಲ್ಲಿ, ಲಿವರ್‌ಪೂಲಿನ ಎದುರು ದಡದ ಬರ್ಕೆನ್‌ಹೆಡ್ ಪಾರ್ಕು 1847ರಲ್ಲಿ ತೆರೆದವು. ಅಲ್ಲಿಂದೀಚೆಗೆ ಸಾಮಾನ್ಯರಿಗೆ ಹಸಿರು ನೆಲದ ಹಕ್ಕಿದೆಯೆಂಬ ನಂಬಿಕೆ ಇಲ್ಲಿ ಬೇರೂರಿದೆ. ನಮ್ಮಂಥ ಸಣ್ಣ ಮನೆಗಳವರಿಗೆ ಪಾರ್ಕೇ ಅಂಗಳ, ಪಾರ್ಕೇ ಜಗಲಿ. ಮಕ್ಕಳು ಸೈಕಲ್ ಕಲಿತದ್ದು ಅಲ್ಲಿ, ಹೊಸದಾಗಿ ಬಂದ ವರ್ಷ ನನಗೆ ಮೊದಲ ಗೆಳತಿ ಸಿಕ್ಕಿದ್ದೂ ಅಲ್ಲಿಯೇ. ಆದರೆ ಪಾರ್ಕುಗಳನ್ನು ನಿರ್ವಹಿಸುವುದು ಸ್ಥಳೀಯ ಕೌನ್ಸಿಲ್‌ಗಳಿಗೆ ಕಾನೂನಿನ ಪ್ರಕಾರ ಕಡ್ಡಾಯವಲ್ಲ. ಹಣ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಇಂಥ ಬಾಬತ್ತುಗಳಿಗೆ. 2010ರ ನಂತರದ ಮಿತವ್ಯಯದ ವರ್ಷಗಳಲ್ಲಿ ಕಾವಲುಗಾರರು, ಮಾಲಿಗಳು ಕಡಿಮೆಯಾದರು, ಎಷ್ಟೋ ಕಡೆ ಯುವಕ ಕೇಂದ್ರಗಳು ಮುಚ್ಚಿದವು.

ನಮ್ಮ ಪಾರ್ಕಿನಲ್ಲಿ ಅದರ ಪರಿಣಾಮ ನಿಧಾನವಾಗಿ ಕಾಣಿಸಿಕೊಂಡಿತ್ತು. ಮೊದಲು ಒಂದು ಉಯ್ಯಾಲೆಯ ಸರಪಳಿ ಹರಿಯಿತು, ಅದನ್ನು ಯಾರೂ ಸರಿಪಡಿಸಲಿಲ್ಲ. ಬೆಂಚಿನ ಸುತ್ತ ಬೆಳ್ಳಿಬಣ್ಣದ ಪುಟ್ಟ ಲೋಹದ ಕೊಳವೆಗಳು ಬಿದ್ದಿರತೊಡಗಿದವು. ಅವು ನಗೆಯನಿಲ ಸೇದಿ ಎಸೆದ ಕೊಳವೆಗಳೆಂದು ನನಗೆ ತಿಳಿದದ್ದೇ ತಡವಾಗಿ. 2023ರ ನವೆಂಬರ್‌ನಿಂದ ಮತ್ತಿಗಾಗಿ ಅದನ್ನು ಇಟ್ಟುಕೊಳ್ಳುವುದೂ ಇಲ್ಲಿ ಅಪರಾಧ. ತಾಯಂದಿರು ಸಂಜೆ ಮಕ್ಕಳನ್ನು ಕರೆತರುವುದು ನಿಂತಿತು. ಜನ ಕಡಿಮೆಯಾದಷ್ಟೂ ಕೆಡುಕಿಗೆ ಅನುಕೂಲ ಹೆಚ್ಚಿತು, ಕೆಡುಕು ಹೆಚ್ಚಿದಷ್ಟೂ ಜನ ಇನ್ನಷ್ಟು ಕಡಿಮೆಯಾದರು.

ಗುರುವಾರದ ಸಭೆಗೆ ಹೋಗಬಾರದೆಂದುಕೊಂಡವಳು ಕೊನೆಗೂ ಹೋದೆ. ಎದುರು ಮನೆಯ ಅಜ್ಜಿ, ನಲವತ್ತು ವರ್ಷದಿಂದ ಇದೇ ಬೀದಿಯಲ್ಲಿರುವ ಇಂಗ್ಲಿಷ್ ಹೆಂಗಸು, ಕೋಲೂರಿಕೊಂಡು ಬಂದು "ಜೊತೆಗೆ ಬಾ, ಕತ್ತಲಲ್ಲಿ ಒಬ್ಬಳೇ ಮರಳಲು ಹೆದರಿಕೆ" ಎಂದಾಗ ಇಲ್ಲವೆನ್ನಲಾಗಲಿಲ್ಲ. ಸಭಾಂಗಣದಲ್ಲಿ ಇಪ್ಪತ್ತೈದು ಜನರಿದ್ದಿರಬಹುದು. ಲಂಡನ್ನಿನಲ್ಲಿ ಪ್ರತಿಯೊಂದು ವಾರ್ಡಿಗೂ ಅಲ್ಲಿಗೇ ಮೀಸಲಾದ ಪೊಲೀಸ್ ಅಧಿಕಾರಿಗಳಿರುತ್ತಾರೆ, ನಿವಾಸಿಗಳದೇ ಒಂದು ಸಮಿತಿಯೂ ಇರುತ್ತದೆ. ಬಡಾವಣೆಯಲ್ಲಿ ಮೊದಲು ಗಮನ ಕೊಡಬೇಕಾದ ಸಮಸ್ಯೆಗಳಾವುವೆಂದು ಹೇಳುವುದು ಆ ಸಮಿತಿಯ ಕೆಲಸ.

ಅಧಿಕಾರಿ ತಮ್ಮ ಹಾಳೆ ತೆರೆದು ಓದಿದಾಗ ಎಲ್ಲರಿಗೂ ಬೆರಗಾಯಿತು. ಹಿಂದಿನ ಆರು ತಿಂಗಳಲ್ಲಿ ಆ ಪಾರ್ಕಿನ ಬಗ್ಗೆ ದಾಖಲಾಗಿದ್ದ ದೂರುಗಳನ್ನು ಒಂದು ಕೈಯ ಬೆರಳಿನಲ್ಲಿ ಎಣಿಸಬಹುದಿತ್ತು. ಸಭೆಯಲ್ಲಿದ್ದ ಪ್ರತಿಯೊಬ್ಬರ ಬಳಿಯೂ ಹೇಳಲು ಒಂದು ಕಥೆಯಿತ್ತು, ಆದರೆ ಯಾರೂ ಹೇಳಬೇಕಾದಲ್ಲಿ ಹೇಳಿರಲಿಲ್ಲ. "ನಮ್ಮ ಕಡತದ ಪ್ರಕಾರ ಇದು ಈ ವಾರ್ಡಿನ ಅತಿ ಶಾಂತ ಜಾಗ. ಗಸ್ತು ಎಲ್ಲಿಗೆ ಹೋಗಬೇಕೆಂಬುದನ್ನು ನಿರ್ಧರಿಸುವುದು ಕಡತವೇ" ಎಂದರು ಅವರು. ನಮ್ಮ ಮೌನವನ್ನು ಅವರು ನೆಮ್ಮದಿಯೆಂದು ಓದಿಕೊಂಡಿದ್ದರು.

ಆಮೇಲೆ ಫೋನು ಕಳೆದುಕೊಂಡ ಹುಡುಗನ ತಾಯಿ ಎದ್ದು ನಿಂತಳು. ಆಕೆ ಪೋಲೆಂಡಿನವಳು. ಫೋನಿನ ಮಾತೇ ಎತ್ತಲಿಲ್ಲ. ಮಗ ಸಂಜೆಯಾದರೆ ಹೊರಗೆ ಹೋಗುವುದಿಲ್ಲ, ಫುಟ್‌ಬಾಲ್ ಬಿಟ್ಟಿದ್ದಾನೆ, ರಾತ್ರಿ ದೀಪ ಆರಿಸಲು ಬಿಡುವುದಿಲ್ಲ ಎಂದಷ್ಟೇ ಹೇಳಿ ಕುಳಿತಳು. ನನ್ನ ಮಗನೂ ಅದೇ ಶಾಲೆಯಲ್ಲಿ ಒಂದು ತರಗತಿ ಹಿಂದೆ ಓದುತ್ತಾನೆ. ಮೊದಲ ಸಂಜೆಯೇ ನಾನೊಂದು ಕರೆ ಮಾಡಿದ್ದರೆ ಆ ಹುಡುಗನಿಗೆ ಹಾಗಾಗುತ್ತಿರಲಿಲ್ಲವೇನೋ ಎಂಬ ಮಾತು ಅಂದಿನಿಂದ ಇಂದಿನವರೆಗೂ ನನ್ನನ್ನು ಬಿಟ್ಟಿಲ್ಲ. ಸಭೆ ಮುಗಿದ ಮೇಲೆ ಆ ಸಹಾಯಕ ಅಧಿಕಾರಿಯ ಬಳಿ ಹೋಗಿ, ಅಂದು ಸುಳ್ಳು ಹೇಳಿದೆನೆಂದು ಒಪ್ಪಿಕೊಂಡು ಕಂಡದ್ದನ್ನೆಲ್ಲ ತಿಳಿಸಿದೆ. ಆಕೆ ನನ್ನನ್ನು ಆಕ್ಷೇಪಿಸಲಿಲ್ಲ. ಬೇಲಿಯ ಯಾವ ಭಾಗ, ಯಾವ ಹೊತ್ತು ಎಂಬುದನ್ನು ಮಾತ್ರ ಎರಡು ಸಲ ಕೇಳಿ ಬರೆದುಕೊಂಡಳು.

ಪೊಲೀಸರೊಡನೆ ಕೈಜೋಡಿಸುವ ಮಾತು ಎಲ್ಲರಿಗೂ ಒಂದೇ ರೀತಿ ಹಿತವಾಗಿರಲಿಲ್ಲ. ಜಮೈಕಾ ಮೂಲದ ನೆರೆಯವರೊಬ್ಬರು ನೇರವಾಗಿಯೇ ಹೇಳಿದರು: "ಗಸ್ತು ಹೆಚ್ಚಾದರೆ ಮೊದಲು ತಡೆದು ತಡಕುವುದು ನನ್ನ ಮಗನನ್ನು." ಅದು ಬರಿಯ ಅನುಮಾನವಲ್ಲ. ಬಿಳಿಯರಿಗೆ ಹೋಲಿಸಿದರೆ ಕಪ್ಪು ವರ್ಣದವರನ್ನು ತಡೆದು ಶೋಧಿಸುವ ಪ್ರಮಾಣ ಹಲವು ಪಟ್ಟು ಹೆಚ್ಚೆಂದು ಸರ್ಕಾರದ ಅಂಕಿಅಂಶಗಳೇ ವರ್ಷ ವರ್ಷವೂ ತೋರಿಸುತ್ತವೆ. 1993ರಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ತರುಣನ ಕೊಲೆಯಾದ ಬಳಿಕ ನಡೆದ ವಿಚಾರಣೆ 1999ರಲ್ಲಿ ಲಂಡನ್ ಪೊಲೀಸ್ ವ್ಯವಸ್ಥೆಯಲ್ಲಿಯೇ ವರ್ಣಭೇದ ನೆಲೆಗೊಂಡಿದೆಯೆಂದು ಹೇಳಿತು. 2023ರಲ್ಲಿ ಲೂಯಿಸ್ ಕೇಸಿಯವರ ಪರಿಶೀಲನಾ ವರದಿಯೂ ಅದೇ ಮಾತನ್ನು ಮತ್ತೆ ಹೇಳಬೇಕಾಯಿತು. ಅಧಿಕಾರಿ ವಾದಿಸಲಿಲ್ಲ. ಆ ತಂದೆಯನ್ನೇ ಸಮಿತಿಗೆ ಸೇರುವಂತೆ ಕೇಳಿಕೊಂಡರು. ಎರಡು ವಾರ ಯೋಚಿಸಿ ಅವರು ಒಪ್ಪಿದರು. ನಮ್ಮ ಕೆಲಸಕ್ಕೆ ಏನಾದರೂ ಬೆಲೆ ಬಂದಿದ್ದರೆ ಅದು ಆ ಒಪ್ಪಿಗೆಯಿಂದ.

ಬೀದಿಯ ದೀಪದ ಕಂಬಗಳ ಮೇಲೆ 'ನೈಬರ್‌ಹುಡ್ ವಾಚ್' ಎಂಬ ಹಳದಿ ಫಲಕಗಳನ್ನು ನಾನು ವರ್ಷಗಳಿಂದ ನೋಡಿದ್ದೆ, ಅದು ಏನೆಂದು ವಿಚಾರಿಸಿರಲಿಲ್ಲ. ಅಮೆರಿಕದಲ್ಲಿ ಹುಟ್ಟಿದ ಈ ಕಲ್ಪನೆ ಬ್ರಿಟನ್ನಿನಲ್ಲಿ ಮೊದಲು ಬೇರುಬಿಟ್ಟದ್ದು 1982ರಲ್ಲಿ, ಚೆಷೈರ್ ಪ್ರಾಂತ್ಯದ ಮೋಲಿಂಗ್‌ಟನ್ ಎಂಬ ಹಳ್ಳಿಯಲ್ಲಿ. ಇದರಲ್ಲಿ ದೊಣ್ಣೆ ಹಿಡಿದು ಕಾವಲು ತಿರುಗುವ ಮಾತಿಲ್ಲ. ಕಣ್ಣು ತೆರೆದಿರುವುದು, ಒಬ್ಬರಿಗೊಬ್ಬರು ಪರಿಚಿತರಾಗಿರುವುದು, ಕಂಡದ್ದನ್ನು ಹೊತ್ತಿಗೆ ಸರಿಯಾಗಿ ತಿಳಿಸುವುದು ಇಷ್ಟೇ. ಸಮುದಾಯ ಸಹಾಯಕ ಅಧಿಕಾರಿಗಳ ಹುದ್ದೆ ಬಂದದ್ದು 2002ರ ಪೊಲೀಸ್ ಸುಧಾರಣಾ ಕಾಯ್ದೆಯಿಂದ. ಪೂರ್ಣ ಪೊಲೀಸರಂತೆ ಬಂಧಿಸುವ ಅಧಿಕಾರ ಅವರಿಗಿಲ್ಲ. ಬೀದಿಯ ಜನರನ್ನು ಹೆಸರು ಹಿಡಿದು ಮಾತಾಡಿಸುವಷ್ಟು ಬಲ್ಲವರಾಗಿರುವುದೇ ಅವರ ಬಲ.

ಜೂನ್ ಕೊನೆಯ ಶನಿವಾರ ಬೆಳಿಗ್ಗೆ ಪಾರ್ಕಿನಲ್ಲಿ ಆಯುಧ ಶೋಧ ನಡೆಯಿತು. ತರುಣರು ಚಾಕುವನ್ನು ಮೈಮೇಲೆ ಇಟ್ಟುಕೊಂಡರೆ ಸಿಕ್ಕಿಬೀಳುವ ಭಯದಿಂದ ಪೊದೆ, ಚರಂಡಿ, ಕಸದ ತೊಟ್ಟಿಗಳ ಹಿಂದೆ ಅಡಗಿಸಿಡುತ್ತಾರೆ. ಅದನ್ನು ಹುಡುಕಲು ಪೊಲೀಸರು ನಿವಾಸಿಗಳನ್ನೂ ಸೇರಿಸಿಕೊಳ್ಳುತ್ತಾರೆ. ಹನ್ನೆರಡು ಮಂದಿ ಒಬ್ಬರಿಗೊಬ್ಬರು ಒಂದು ಮಾರು ದೂರದಲ್ಲಿ ಸಾಲಾಗಿ ನಿಂತೆವು. ನಿಯಮ ಒಂದೇ: ಏನು ಕಂಡರೂ ಮುಟ್ಟಬಾರದು, ನಿಂತಲ್ಲೇ ನಿಂತು ಕೈಯೆತ್ತಬೇಕು. ಕೋಲಿನಿಂದ ಎಲೆ ಸರಿಸುತ್ತ ಹೆಜ್ಜೆ ಹೆಜ್ಜೆಯಾಗಿ ಸಾಗಿದೆವು. ನಾಟಿ ಹೆಂಗಸರ ಸಾಲು ನೆನಪಾಯಿತೆಂದು ಅಪ್ಪ ಆಮೇಲೆ ಹೇಳಿದರು. ಅವರು ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದರು.

ಜಾರುಬಂಡೆಯ ಹಿಂದಿನ ಬೇಲಿಯ ಬುಡದಲ್ಲಿ, ನಾನು ಹೇಳಿದ್ದ ಜಾಗದಿಂದ ನಾಲ್ಕಾರು ಹೆಜ್ಜೆ ಆಚೆಗೆ, ಜಮೈಕಾದ ನೆರೆಯವರು ಕೈಯೆತ್ತಿದರು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಒಂದು ಚಾಕು. ಸಿನಿಮಾದಲ್ಲಿ ಕಾಣುವಂಥದ್ದಲ್ಲ. ಕಪ್ಪು ಹಿಡಿಯ ಸಾಧಾರಣ ಅಡುಗೆಮನೆ ಚಾಕು, ನಾನು ದಿನವೂ ಈರುಳ್ಳಿ ಹೆಚ್ಚುವಂಥದ್ದು. ಅದಕ್ಕೂ ಮಕ್ಕಳು ಜಾರಿ ಇಳಿಯುವ ಜಾಗಕ್ಕೂ ಮೂರು ಗಜದ ಅಂತರವಿತ್ತು. ಯಾರೂ ಮಾತಾಡಲಿಲ್ಲ. ಅಧಿಕಾರಿ ಕೈಗವಸು ತೊಟ್ಟು ಅದನ್ನು ಒಂದು ಗಟ್ಟಿ ಕೊಳವೆಯಲ್ಲಿಟ್ಟು ಮುದ್ರೆ ಹಾಕಿದರು. ಹುಡುಗನಿಗೆ ತೋರಿಸಿದ್ದು ಅದೇ ಚಾಕುವೆಂದು ಹೇಳುವಂತಿರಲಿಲ್ಲ. ಯಾರ ಬಂಧನವೂ ಆಗಲಿಲ್ಲ, ಫೋನೂ ಸಿಗಲಿಲ್ಲ. ಆದರೆ ಆ ಒಂದು ಚಾಕು ಇನ್ನು ಯಾರ ಕೈಗೂ ಸಿಗದು ಎಂಬಷ್ಟು ಖಚಿತವಾಯಿತು.

ಬೀದಿಯವರ ವಾಟ್ಸಾಪ್ ಗುಂಪು ಆ ದಿನಗಳಲ್ಲಿ ಬಿಡುವಿಲ್ಲದೆ ಗುಣುಗುಣಿಸುತ್ತಿತ್ತು. ಜುಲೈನ ಒಂದು ಮುಂಜಾನೆ ಅದರಲ್ಲಿ ಒಂದು ಚಿತ್ರ ಬಂತು. "ಎಚ್ಚರಿಕೆ: ಅಪರಿಚಿತ ಏಷ್ಯನ್ ಗಂಡಸು, ಮುಖ ಮುಚ್ಚುವ ಟೋಪಿ, ಬೆಳಗಿನ ಐದು ಗಂಟೆಗೆ ಬೇಲಿಗಳಾಚೆ ಇಣುಕುತ್ತಿದ್ದಾನೆ. ಪೊಲೀಸರಿಗೆ ತಿಳಿಸಬೇಕೆ?" ಚಿತ್ರ ಮಸುಕಾಗಿತ್ತು. ಆದರೆ ಅರಸೀಕೆರೆ ಸಂತೆಯಲ್ಲಿ ಕೊಂಡ ಆ ಮಂಕಿ ಟೋಪಿಯನ್ನು ನಾನು ಗುರುತಿಸದಿರಲು ಸಾಧ್ಯವೆ? ನಲವತ್ತು ವರ್ಷದ ವಾಯುವಿಹಾರದ ಅಭ್ಯಾಸವನ್ನು ಮೇಷ್ಟ್ರಾಗಿದ್ದ ಅಪ್ಪ ಲಂಡನ್ನಿಗೂ ತಂದಿದ್ದರು. ಜೊತೆಗೆ, ಬೀದಿಗೆ ಬಾಗಿದ ಹೂವು ದೇವರದ್ದೆಂಬ ತಮ್ಮ ಧರ್ಮಶಾಸ್ತ್ರವನ್ನೂ ತಂದಿದ್ದರು. ದಿನವೂ ಪೂಜೆಗೆ ನಾಲ್ಕು ಗುಲಾಬಿ ಹೇಗೆ ಬರುತ್ತಿದ್ದವೆಂದು ನಾನು ಕೇಳಿರಲೇ ಇಲ್ಲ.

ನಗು ಬಂದದ್ದು ಆಮೇಲೆ. ಮೊದಲು ಬಂದದ್ದು ನಡುಕ. 2015ರ ಫೆಬ್ರವರಿಯಲ್ಲಿ ಅಮೆರಿಕದ ಅಲಬಾಮಾದ ಮ್ಯಾಡಿಸನ್ ಊರಿನಲ್ಲಿ, ಗುಜರಾತಿನಿಂದ ಮಗನ ಮನೆಗೆ ಬಂದಿದ್ದ ಅಜ್ಜನೊಬ್ಬರು ಬೀದಿಯಲ್ಲಿ ನಡೆದಾಡುತ್ತಿದ್ದರು. ಅನುಮಾನಗೊಂಡ ನಿವಾಸಿಯೊಬ್ಬರು ಪೊಲೀಸರಿಗೆ ಕರೆ ಮಾಡಿದರು. ಇಂಗ್ಲಿಷ್ ಬಾರದ ಅವರನ್ನು ಅಧಿಕಾರಿ ನೆಲಕ್ಕೆ ಕೆಡವಿದ ಪರಿಣಾಮವಾಗಿ ಕುತ್ತಿಗೆಗೆ ಪೆಟ್ಟಾಗಿ ಅಂಗಾಂಗಗಳ ಸ್ವಾಧೀನ ತಪ್ಪಿತು. ಆ ಸುದ್ದಿ ಓದಿದ ದಿನ ಪರದೇಶದಲ್ಲಿರುವ ಯಾವ ಮಗಳಿಗೆ ತನ್ನ ಅಪ್ಪ ನೆನಪಾಗಿರಲಿಕ್ಕಿಲ್ಲ! ಇಲ್ಲಿಯ ಬಹುಪಾಲು ಪೊಲೀಸರು ಬಂದೂಕು ಒಯ್ಯುವುದಿಲ್ಲ, ನಿಜ. ಆದರೂ ನೆರೆಯವರ ಎಚ್ಚರ ಹಾದಿ ತಪ್ಪಿದರೆ ಅದೂ ಒಂದು ಆಯುಧವೇ.

ಗುಂಪಿನಲ್ಲಿ ಬರೆದೆ: "ಅವರು ನನ್ನ ತಂದೆ. ವಯಸ್ಸು 74. ಹೂವಿನ ವಿಷಯದಲ್ಲಿ ತಪ್ಪೊಪ್ಪಿಕೊಳ್ಳುತ್ತೇನೆ." ಐದು ನಿಮಿಷ ಯಾರೂ ಉತ್ತರಿಸಲಿಲ್ಲ. ಮೊದಲು ಬಂದ ಉತ್ತರ ಎದುರು ಮನೆಯ ಅಜ್ಜಿಯದು: ತನ್ನ ಬೇಲಿಯ ಗುಲಾಬಿ ಎಷ್ಟು ಬೇಕಾದರೂ ಕೊಯ್ಯಲಿ, ಆದರೆ ಕತ್ತರಿಯಿಂದ ಕತ್ತರಿಸಲಿ, ಕೈಯಿಂದ ಕಿತ್ತರೆ ಗಿಡಕ್ಕೆ ನೋವು. ಚಿತ್ರ ಹಾಕಿದಾತ ಸಂಜೆ ಮನೆಗೇ ಬಂದು ಕ್ಷಮೆ ಕೇಳಿದ. ಅಪ್ಪ ಅವನಿಗೆ ಕಾಫಿ ಕೊಡಿಸಿದರು. ಮುಂದಿನ ಸಭೆಯಲ್ಲಿ ಒಂದು ನಿಯಮವಾಯಿತು: ವರದಿ ಮಾಡಬೇಕಾದ್ದು ಮಾಡಿದ ಕೆಲಸವನ್ನು, ವ್ಯಕ್ತಿಯ ಬಣ್ಣ, ಟೋಪಿ, ಬಟ್ಟೆಯನ್ನಲ್ಲ. ಗುಂಪಿನಲ್ಲಿ ಯಾರ ಚಿತ್ರವನ್ನೂ ಹಾಕುವಂತಿಲ್ಲ. ಜಮೈಕಾದ ನೆರೆಯವರು ನನ್ನತ್ತ ನೋಡಿ ತಲೆಯಾಡಿಸಿದರು. ಅವರ ಮಾತಿನ ಅರ್ಥ ನನಗೆ ಪೂರ್ಣವಾಗಿ ಆದದ್ದು ಅಪ್ಪನ ಟೋಪಿಯ ಮೂಲಕ.

ಉಳಿದ ಕೆಲಸ ನಿಧಾನದ್ದು. ಬೇಲಿ ಎತ್ತರ ಬೆಳೆದು ಜಾರುಬಂಡೆ ಮರೆಯಾಗಿತ್ತು. ಅದನ್ನು ಸೊಂಟದೆತ್ತರಕ್ಕೆ ಕತ್ತರಿಸಿ ಎಂದು ಕೇಳಿದರೆ, ಹಕ್ಕಿಗಳು ಗೂಡು ಕಟ್ಟುವ ಕಾಲ, ಸೆಪ್ಟೆಂಬರ್‌ವರೆಗೆ ಮುಟ್ಟುವಂತಿಲ್ಲವೆಂದರು ಕೌನ್ಸಿಲ್‌ನವರು. ಬಳಕೆಯಲ್ಲಿರುವ ಗೂಡನ್ನು ಹಾಳುಮಾಡುವುದು 1981ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಕಾದೆವು. ಕೆಲವರು ತರುಣರು ಕೂರುವ ಬೆಂಚನ್ನೇ ಕಿತ್ತುಹಾಕಬೇಕೆಂದರು. ಯುವಕರ ಕೆಲಸ ಮಾಡುವ ಕಾರ್ಯಕರ್ತೆಯೊಬ್ಬಳು ಮೂವರು ಹುಡುಗರನ್ನು ಸಭೆಗೇ ಕರೆತಂದಳು. "ಬೆಂಚು ತೆಗೆದರೆ ನಾವು ಎಲ್ಲಿ ಕೂರೋಣ?" ಎಂದು ಅವರಲ್ಲೊಬ್ಬ ಕೇಳಿದ ಪ್ರಶ್ನೆಗೆ ಯಾರಲ್ಲಿಯೂ ಉತ್ತರವಿರಲಿಲ್ಲ. ಕೊನೆಗೆ ಬೆಂಚು ಉಳಿಯಿತು, ಮೂಲೆಯಿಂದ ದಾರಿಯ ಪಕ್ಕಕ್ಕೆ ಸರಿಯಿತು. ತಿಂಗಳಿಗೊಮ್ಮೆ ಕಸ ಹೆಕ್ಕುವ ಕೆಲಸಕ್ಕೆ ಆ ಮೂವರಲ್ಲಿ ಇಬ್ಬರು ಬರುತ್ತಾರೆ. ಒಬ್ಬ ಬರುವುದಿಲ್ಲ. ಅಪ್ಪನಿಗೆ ಒಂದು ಹೂಪಾತಿ ಕೊಟ್ಟರು. ಅವರು ನೆಟ್ಟ ಚೆಂಡುಹೂವಿನ ಸಸಿಗಳನ್ನು ಒಂದೇ ರಾತ್ರಿ ಬಸವನಹುಳುಗಳು ತಿಂದು ಮುಗಿಸಿದವು. ಅಪ್ಪ ಛಲ ಬಿಡದೆ ಕುಂಡಗಳಲ್ಲಿ ಬೆಳೆಸಿ ಆಗಸ್ಟ್‌ನಲ್ಲಿ ಹೂ ಕಂಡರು.

ಈ ದೇಶಕ್ಕೆ ಬರಲಿರುವವರಿಗೆ ಅನುಭವದಿಂದ ನಾಲ್ಕು ಮಾತು. ಪ್ರಾಣಾಪಾಯವಿದ್ದರೆ, ಅಪರಾಧ ಕಣ್ಣೆದುರು ನಡೆಯುತ್ತಿದ್ದರೆ 999. ಮಾತಾಡಲಾಗದ ಸ್ಥಿತಿಯಿದ್ದರೆ ಮೊಬೈಲ್‌ನಿಂದ ಕರೆ ಮಾಡಿ, ಸೂಚನೆ ಬಂದಾಗ 55 ಒತ್ತಿದರೆ ಕರೆ ಪೊಲೀಸರಿಗೆ ತಲುಪುತ್ತದೆ. ತುರ್ತಲ್ಲದ ಸಂಗತಿಗೆ 101. ಹೆಸರು ಹೇಳಲು ಅಳುಕಿದ್ದರೆ 1988ರಿಂದ ನಡೆಯುತ್ತಿರುವ 'ಕ್ರೈಮ್‌ಸ್ಟಾಪರ್ಸ್' ಎಂಬ ಸ್ವತಂತ್ರ ಸೇವಾಸಂಸ್ಥೆ ಇದೆ, ಅದರ ಸಂಖ್ಯೆ 0800 555 111. ಕಾನೂನುಬದ್ಧವಾಗಿ ನೆಲೆಸಿದವರು ಕಂಡದ್ದನ್ನು ಸಾಕ್ಷಿಯಾಗಿ ತಿಳಿಸಿದರೆ ವೀಸಾಕ್ಕೆ ಕುತ್ತು ಬರುವುದಿಲ್ಲ. ಈ ಭಯ ನಮ್ಮವರಲ್ಲಿ ಬಹಳ. ತಕ್ಕ ಕಾರಣವಿಲ್ಲದೆ ಸಾರ್ವಜನಿಕ ಜಾಗದಲ್ಲಿ ಚಾಕು ಒಯ್ಯುವುದು ಇಲ್ಲಿ ಗಂಭೀರ ಅಪರಾಧ, ನಾಲ್ಕು ವರ್ಷದವರೆಗೆ ಸೆರೆವಾಸವಿದೆ. ಮೂರು ಅಂಗುಲಕ್ಕಿಂತ ಚಿಕ್ಕ ಅಲಗಿನ ಮಡಿಸುವ ಚಾಕುವಿಗೆ ಮಾತ್ರ ವಿನಾಯಿತಿ. ಹಣ್ಣು ಹೆಚ್ಚಲೆಂದು ಚೀಲದಲ್ಲಿ ಹಾಕಿಕೊಂಡ ಚಾಕುವನ್ನು ಮರೆತು ತಿರುಗಾಡಬೇಡಿ. ಅಪ್ಪ ಅಮ್ಮ ಬಂದಾಗ ಮೊದಲ ವಾರವೇ ಅಕ್ಕಪಕ್ಕದವರಿಗೆ ಪರಿಚಯಿಸಿ. ವಿಳಾಸ, ನಿಮ್ಮ ಫೋನ್ ಸಂಖ್ಯೆ ಬರೆದ ಚೀಟಿ ಅವರ ಜೇಬಿನಲ್ಲಿರಲಿ.

ಇದು ಲಂಡನ್ನಿಗೇ ಮೀಸಲಾದ ವಿದ್ಯೆಯೇನಲ್ಲ. ಕರ್ನಾಟಕದಲ್ಲಿ 2017ರಿಂದ ಜಾರಿಗೆ ಬಂದ ಸುಧಾರಿತ ಬೀಟ್ ವ್ಯವಸ್ಥೆಯೂ ಒಂದೊಂದು ಪ್ರದೇಶವನ್ನು ಒಬ್ಬೊಬ್ಬ ಸಿಬ್ಬಂದಿಗೆ ಒಪ್ಪಿಸಿ, ನಿವಾಸಿಗಳ ಸಹಕಾರ ಕೋರುತ್ತದೆ. 2025ರಲ್ಲಿ 'ಮನೆ ಮನೆಗೆ ಪೊಲೀಸ್' ಎಂಬ ಕಾರ್ಯಕ್ರಮವೂ ಶುರುವಾಗಿದೆ. ಬಾಗಿಲು ತಟ್ಟಿದವರಿಗೆ ಬಾಗಿಲು ತೆರೆಯುವ ಧೈರ್ಯ ಒಳಗಿರುವವರಿಗೂ, ಆ ಧೈರ್ಯಕ್ಕೆ ತಕ್ಕ ನಡತೆ ಹೊರಗಿರುವವರಿಗೂ ಬೇಕು. ಎರಡರಲ್ಲಿ ಒಂದು ಕೊರತೆಯಾದರೂ ಕೆಲಸ ಕೆಡುತ್ತದೆ.

ಅಕ್ಟೋಬರ್‌ನಲ್ಲಿ ಅಪ್ಪ ಊರಿಗೆ ಮರಳಿದರು. ಆ ಪೋಲಿಷ್ ಹುಡುಗ ಮತ್ತೆ ಫುಟ್‌ಬಾಲ್ ಆಡಲು ಬಂದದ್ದು ಮರುವರ್ಷದ ವಸಂತದಲ್ಲಿ. ಒಬ್ಬನೇ ಬರುವುದಿಲ್ಲ, ನನ್ನ ಮಗನೂ ಜೊತೆಗಿರುತ್ತಾನೆ, ಕತ್ತಲಾಗುವ ಮುನ್ನ ಇಬ್ಬರೂ ಮನೆ ಸೇರುತ್ತಾರೆ. ಸ್ಕೂಟರಿನ ಸದ್ದು ಈಗಲೂ ಒಮ್ಮೊಮ್ಮೆ ಕೇಳುತ್ತದೆ. ಕೇಳಿದಾಗ ಪಾತ್ರೆ ಬದಿಗಿಟ್ಟು ಫೋನು ಕೈಗೆತ್ತಿಕೊಳ್ಳುತ್ತೇನೆ. ಅಪ್ಪ ಭಾನುವಾರದ ಕರೆಯಲ್ಲಿ ಮೊಮ್ಮಗನ ಓದು ವಿಚಾರಿಸಿದ ಮೇಲೆ ಕೇಳುವ ಎರಡನೆಯ ಪ್ರಶ್ನೆ ಪಾರ್ಕಿನದು. ಮೂರನೆಯದು ಎದುರು ಮನೆಯ ಅಜ್ಜಿಯ ಗುಲಾಬಿಯದು. ಹೋದ ವಾರ ತಮ್ಮ ಬೀದಿಯ ಬೀಟ್ ಪೊಲೀಸ್ ಮನೆಗೆ ಬಂದಿದ್ದನೆಂದು ಅವರೇ ಹೇಳಿದರು. "ಏನಪ್ಪಾ, ಹೆದರಿದ್ರಾ?" ಎಂದೆ. "ಹೆದರೋದೇನು, ಕಾಫಿ ಕೊಟ್ಟೆ. ಶಾಲೆ ಮೈದಾನದಲ್ಲಿ ರಾತ್ರಿ ಹೊತ್ತು ಬಾಟಲಿ ಒಡೀತಾರೆ ಅಂತ ಹೇಳಿ, ಅವನ ಕೈಯಲ್ಲೇ ಬರೆಸಿದೆ" ಎಂದರು.